ಸ್ಟೀವನ್ಸನ ಬೈಸಿಕಲ್ ಯಾತ್ರೆಯ ಮೊದಲ ದಿನಗಳು

ಬೈಸಿಕಲ್ಲನ್ನೇರಿ ದೂರದೇಶಗಳನ್ನು ಸುತ್ತಿದವರ ವೃತ್ತಾಂತಗಳನ್ನು ಓದುವಾಗ ನಮ್ಮ ಕುತೂಹಲವೆಲ್ಲ ಮರುಭೂಮಿ, ದಸ್ಯುಗಳು, ಕಾಡುಮೃಗಗಳು ಇವುಗಳ ಕಡೆಗೇ ಹರಿಯುವುದು ಸಹಜ. ಆದರೆ ತನ್ನ ವಾಹನಕ್ಕೂ ತಾನು ಹಿಡಿದ ದಾರಿಗೂ ಹೊಂದಿಕೆಯುಂಟೇ ಎಂಬುದು ಯಾತ್ರಿಕನಿಗೆ ತಿಳಿದುಬರುವುದು ಹೊರಟ ಮೊದಲ ಕೆಲವು ದಿನಗಳಲ್ಲಿಯೇ. ಬೈಸಿಕಲ್ಲಿನ ಮೇಲೆ ಭೂಪ್ರದಕ್ಷಿಣೆ ಮಾಡಿದವರಲ್ಲಿ ಮೊದಲಿಗನಾದ ಥಾಮಸ್ ಸ್ಟೀವನ್ಸನ ಕಥೆ ಇದಕ್ಕೆ ಒಳ್ಳೆಯ ನಿದರ್ಶನ.

ಸ್ಟೀವನ್ಸನು ಇಂಗ್ಲೆಂಡಿನಲ್ಲಿ ಹುಟ್ಟಿ ಅಮೆರಿಕಕ್ಕೆ ವಲಸೆ ಹೋದವನು. ಸವಾರಿಯನ್ನು ಕಲಿತು ಬಹಳ ಕಾಲವಾಗುವುದಕ್ಕೆ ಮುಂಚೆಯೇ, 1884ನೆಯ ಏಪ್ರಿಲ್ 22ರಂದು, ಸ್ಯಾನ್ ಫ್ರಾನ್ಸಿಸ್ಕೋ ಪಟ್ಟಣದಿಂದ ಪೂರ್ವಾಭಿಮುಖವಾಗಿ ಹೊರಟನು. ಅವನ ಸಾಮಾನು ಬಹಳ ಸ್ವಲ್ಪ: ಕಾಲುಚೀಲ, ಇನ್ನೊಂದು ಅಂಗಿ, ರಾತ್ರಿ ಡೇರೆಯೂ ಹಾಸಿಗೆಯೂ ಆಗಬಲ್ಲ ಮಳೆಯಂಗಿ, ಒಂದು ಪಿಸ್ತೂಲು.

ಅವನು ಏರಿದ ಬೈಸಿಕಲ್ಲು ನಾವು ಬಲ್ಲ ಬೈಸಿಕಲ್ಲಲ್ಲ. ಅದಕ್ಕೆ ಸರಪಣಿಯಿಲ್ಲ, ಪೆಡಲುಗಳು ಮುಂದಿನ ಚಕ್ರದ ಅಚ್ಚಿಗೇ ಸೇರಿದ್ದುವು. ಆದಕಾರಣ ವೇಗ ಬೇಕಾದರೆ ಚಕ್ರವನ್ನೇ ದೊಡ್ಡದು ಮಾಡಬೇಕು. ಸ್ಟೀವನ್ಸನ ಮುಂಚಕ್ರದ ವ್ಯಾಸ 50 ಅಂಗುಲ. ಒಂದು ಸುತ್ತಿಗೆ ಸುಮಾರು 13 ಅಡಿ ಸಾಗುತ್ತಿತ್ತು. ಹಿಂದಿನದು ಒಂದು ಪುಟ್ಟ ಚಕ್ರ. ಸವಾರನ ಆಸನವು ಹೆಚ್ಚುಕಡಮೆ ಮುಂದಿನ ಅಚ್ಚಿನ ನೇರಕ್ಕೇ ಇದ್ದುದರಿಂದ, ಒಂದು ಕಲ್ಲೋ ಕೊರಕಲೋ ಚಕ್ರವನ್ನು ತಡೆದರೆ ಸವಾರನು ಹಿಡಿಯ ಮೇಲೆ ಉರುಳಿ ತಲೆಕೆಳಗಾಗಿ ಬೀಳುವನು. ಇಳಿಜಾರಿನಲ್ಲಿ ಕೆಲವರು ಕಾಲುಗಳನ್ನು ಹಿಡಿಯ ಮೇಲಿಂದ ಮುಂದಕ್ಕೆ ಚಾಚಿಕೊಳ್ಳುತ್ತಿದ್ದರಂತೆ. ಬಿದ್ದರೆ ಪಾದಗಳಾದರೂ ಮೊದಲು ನೆಲ ಮುಟ್ಟಲಿ ಎಂದು! ಡನ್‌ಲಪ್ಪನ ಗಾಳಿ ಟೈರು ಬಂದುದು 1888ರಲ್ಲಿ. ಅಲ್ಲಿಯವರೆಗೆ ಗಟ್ಟಿ ರಬ್ಬರಿನದೇ ಗತಿ. ಟೈರು ತೂತಾಗುವ ಭಯವಿಲ್ಲ, ನಿಜ. ಬದಲಿಗೆ ದಾರಿಯ ಪ್ರತಿಯೊಂದು ಕಲ್ಲೂ ಬೆನ್ನುಮೂಳೆಗೆ ಸುದ್ದಿ ಮುಟ್ಟಿಸುವುದು.

ಇಂತಹ ಯಂತ್ರಕ್ಕೆ ಬೇಕಾದುದು ಗಟ್ಟಿಯಾದ ಸಮತಲದ ರಸ್ತೆ. ಕ್ಯಾಲಿಫೋರ್ನಿಯಾದಲ್ಲಿ ಅವನಿಗೆ ದೊರೆತುದು ಮಳೆ ಮತ್ತು ಜಿಗುಟು ಮಣ್ಣು. ಧಾರವಾಡದ ಕಡೆಯ ಎರೆಭೂಮಿಯಲ್ಲಿ ಮಳೆಗಾಲದಲ್ಲಿ ಗಾಡಿ ಹೊಡೆದವರಿಗೆ ಇದನ್ನು ವಿವರಿಸಬೇಕಾಗಿಲ್ಲ: ಮಣ್ಣು ಚಕ್ರಕ್ಕೆ ಮೆತ್ತಿ, ಕವಲಿನ ಸಂದಿನಲ್ಲಿ ತುಂಬಿ, ಕೊನೆಗೆ ಚಕ್ರವೇ ತಿರುಗದು. ಆಗ ಅವನಿಗುಳಿದ ದಾರಿ ರೈಲುಹಳಿ. ಹಳಿಗಳ ಅಡಿಯ ಅಡ್ಡಮರಗಳ ಮೇಲೆ ಬೈಸಿಕಲ್ಲನ್ನು ತಳ್ಳುತ್ತಾ, ಎತ್ತುತ್ತಾ ಮುಂದುವರಿದನು.

ಸಿಯೆರಾ ನೆವಾಡಾ ಪರ್ವತಗಳನ್ನು ಸೇರಿದಾಗ ಏಪ್ರಿಲ್ ಮುಗಿಯುತ್ತ ಬಂದಿದ್ದರೂ ಹಿಮ ಕರಗಿರಲಿಲ್ಲ. ಅಲ್ಲಿ ಹಳಿಗಳು ಹಿಮದಲ್ಲಿ ಹೂತುಹೋಗದಂತೆ ಮರದ ಉದ್ದನೆಯ ಮಾಡುಗಳನ್ನು ಕಟ್ಟಿದ್ದರು. ಸುಮಾರು 40 ಮೈಲಿ ಅವುಗಳೊಳಗೆ ಅವನು ನಡೆದನು. ಒಳಗೆಲ್ಲ ಕತ್ತಲೆ, ಹೊಗೆ. ರೈಲು ಬಂದರೆ ಗೋಡೆಗೆ ಅಂಟಿಕೊಂಡು ನಿಲ್ಲಬೇಕು. ಇದಕ್ಕಿಂತಲೂ ಭಯಂಕರವಾದ ಸಂದರ್ಭವೊಂದು ಒದಗಿತು. ಕಮರಿಗೆ ಕಟ್ಟಿದ ರೈಲುಸೇತುವೆಯ ನಡುಮಧ್ಯದಲ್ಲಿದ್ದಾಗ ಎದುರಿನಿಂದ ಗಾಡಿ ಬಂದೇಬಿಟ್ಟಿತು. ಹಿಂದಿರುಗಲು ಸಮಯವಿಲ್ಲ, ಪಕ್ಕಕ್ಕೆ ಸರಿಯಲು ಸ್ಥಳವಿಲ್ಲ. ಅಡ್ಡಮರದ ತುದಿಗೆ ಸರಿದು, ಒಂದು ಕೈಯಲ್ಲಿ ಮರವನ್ನು ಹಿಡಿದು, ಇನ್ನೊಂದು ಕೈಯಲ್ಲಿ ಸುಮಾರು 40 ಪೌಂಡು ತೂಕದ ಬೈಸಿಕಲ್ಲನ್ನು ಕಮರಿಯ ಮೇಲೆ ತೂಗಿಹಾಕಿಕೊಂಡು, ಗಾಡಿ ಸಾಗಿಹೋಗುವವರೆಗೂ ಹಾಗೆಯೇ ಇದ್ದನು. ಅದನ್ನು ಕೈಬಿಟ್ಟಿದ್ದರೆ ಯಾತ್ರೆ ಅಲ್ಲಿಗೇ ಮುಗಿಯುತ್ತಿತ್ತು.

ಇವೆಲ್ಲ ದುರದೃಷ್ಟವೆನ್ನುವುದು ಸರಿಯಲ್ಲವೆಂದು ನನ್ನ ಅಭಿಪ್ರಾಯ. ಪಟ್ಟಣದ ರಸ್ತೆಗಾಗಿ ಮಾಡಿದ ಯಂತ್ರವನ್ನು ರಸ್ತೆಯೇ ಇಲ್ಲದ ನಾಡಿಗೆ ಒಯ್ದುದರ ಫಲವಿದು. ಇಳಿದು ನಡೆಯುವುದಕ್ಕೆ ಅವನು ನಾಚಲಿಲ್ಲ, ಹೊರೆಯೂ ಹಗುರವಾಗಿತ್ತು. ಆಗಸ್ಟ್ 4ರಂದು ಬಾಸ್ಟನ್ ನಗರವನ್ನು ಮುಟ್ಟಿದಾಗ ಅವನು ಕ್ರಮಿಸಿದ್ದುದು ಸುಮಾರು 3,700 ಮೈಲಿ. ಅದರಲ್ಲಿ ಮೂರನೆಯ ಒಂದು ಪಾಲಿಗಿಂತ ಹೆಚ್ಚನ್ನು ಕಾಲ್ನಡಿಗೆಯಲ್ಲಿಯೇ ಕಳೆದಿದ್ದನು.

ಅವನ ಯಂತ್ರಕ್ಕೆ ತಕ್ಕ ದಾರಿಯೊಂದು ದೊರೆತುದು 1886ರಲ್ಲಿ, ನಮ್ಮ ದೇಶದಲ್ಲಿ. ಲಾಹೋರಿನಿಂದ ಕಲ್ಕತ್ತೆಯವರೆಗೆ ಗ್ರ್ಯಾಂಡ್ ಟ್ರಂಕ್ ರಸ್ತೆಯ ಮೇಲೆ ಬಂದ ಅವನು ಅದನ್ನು ಬಾಯಿತುಂಬ ಹೊಗಳಿದ್ದಾನೆ. ಅಲ್ಲಿ ಅವನನ್ನು ಕಾಡಿದುದು ಕೆಸರಲ್ಲ, ಬಿಸಿಲು.