ಅನ್ನದ ಋಣ ಎಳೆದ ಗೆರೆ

ಅಮೆರಿಕದ ಜಾರ್ಜಿಯಾ ರಾಜ್ಯದಲ್ಲಿ ಜಾರ್ಜಿಯಾ 400 ಎಂಬ ಹೆದ್ದಾರಿಯಿದೆ. ಅಟ್ಲಾಂಟಾ ನಗರದಿಂದ ಹೊರಟು ಸ್ಯಾಂಡಿ ಸ್ಪ್ರಿಂಗ್ಸ್, ರಾಸ್ವೆಲ್, ಆಲ್ಫರೆಟ್ಟಾ, ಕಮಿಂಗ್ ಊರುಗಳನ್ನು ಹಾದು, ಬೆಟ್ಟದ ಸೀಮೆ ಶುರುವಾಗುವ ಲಂಪ್‌ಕಿನ್ ಕೌಂಟಿಯಲ್ಲಿ ಅದು ಮುಗಿಯುತ್ತದೆ. ಐಟಿ ಕೆಲಸದ ಮೇಲೆ ಹೋದ ನಮ್ಮ ಕನ್ನಡಿಗರಿಗೂ ಈ ದಾರಿ ಚೆನ್ನಾಗಿ ಗೊತ್ತು. ಬೆಳಿಗ್ಗೆ ಏಳೂವರೆಗೆ ದಕ್ಷಿಣದ ಕಡೆಗೆ ಹೋಗುವ ಸಾಲುಗಳು ತುಂಬಿರುತ್ತವೆ, ಸಂಜೆ ಉತ್ತರದ ಕಡೆಯವು. ಸ್ಟಿಯರಿಂಗ್ ಹಿಡಿದು ಕುಳಿತವರು ತಾವು ಕಚೇರಿಗೆ ಹೋಗುತ್ತಿದ್ದೇವೆ ಎಂದುಕೊಂಡಿರುತ್ತಾರೆ. ಅವರಿಗೆ ಗೊತ್ತಿಲ್ಲದೆ ಇನ್ನೊಂದು ಕೆಲಸವೂ ನಡೆದಿರುತ್ತದೆ: ಅವರು ಅಟ್ಲಾಂಟಾ ಎಲ್ಲಿ ಮುಗಿಯುತ್ತದೆ ಎಂದು ಗೆರೆ ಎಳೆಯುತ್ತಿರುತ್ತಾರೆ.

ಅಟ್ಲಾಂಟಾ ಎಂದರೆ ಎಷ್ಟು ಜನ? ನಗರಸಭೆಯ ಎಲ್ಲೆಯೊಳಗೆ ಎಣಿಸಿದರೆ 2020ರ ಜನಗಣತಿಯಂತೆ ಐದು ಲಕ್ಷಕ್ಕೂ ತುಸು ಕಡಿಮೆ. ಆದರೆ ಅಲ್ಲಿನ ಪತ್ರಿಕೆಗಳು 'ಅಟ್ಲಾಂಟಾದ ಅರವತ್ತು ಲಕ್ಷ ಜನ' ಎಂದು ಬರೆಯುತ್ತವೆ. ಎರಡೂ ಸುಳ್ಳಲ್ಲ. ಎರಡನೆಯದು 'ಮೆಟ್ರೊಪಾಲಿಟನ್ ಸ್ಟಾಟಿಸ್ಟಿಕಲ್ ಏರಿಯಾ', ಅಂದರೆ ಅಂಕಿಅಂಶಕ್ಕಾಗಿ ಗುರುತಿಸಿದ ಮಹಾನಗರ ಪ್ರದೇಶದ ಲೆಕ್ಕ. ಈ ಪ್ರದೇಶಕ್ಕೆ ಮೇಯರ್ ಇಲ್ಲ, ಸಭೆ ಇಲ್ಲ, ಕಂದಾಯ ಇಲ್ಲ. ಗಡಿಯಲ್ಲಿ ಸ್ವಾಗತ ಕಮಾನೂ ಇಲ್ಲ. ಬಾಡಿಗೆ, ಸಂಬಳ, ನಿರುದ್ಯೋಗ, ಮನೆ ಬೆಲೆ ಯಾವುದನ್ನು ಅಳೆಯಬೇಕಾದರೂ ಆ ದೇಶ ಕೈಗೆತ್ತಿಕೊಳ್ಳುವ ಅಳತೆಪಟ್ಟಿ ಮಾತ್ರ ಇದೇ. ಅದನ್ನು ತಯಾರಿಸುವ ಕಸುಬಿನಲ್ಲಿ ಒಂದು ಅಚ್ಚುಕಟ್ಟಿದೆ. ಬಿಡಿಸಿ ನೋಡಿದಷ್ಟೂ ಮೆಚ್ಚುಗೆಯಾಗುವಂಥದ್ದು.

ಮೊದಲು ಇಟ್ಟಿಗೆ ನೋಡೋಣ. ಈ ಕಟ್ಟಡಕ್ಕೆ ಬಳಸುವುದು ಕೌಂಟಿ ಎಂಬ ಇಟ್ಟಿಗೆಯನ್ನು. ಜಾರ್ಜಿಯಾ ನಮ್ಮ ಕರ್ನಾಟಕಕ್ಕಿಂತ ಚಿಕ್ಕ ರಾಜ್ಯ. ನಮ್ಮಲ್ಲಿ ಜಿಲ್ಲೆಗಳು 31, ಅಲ್ಲಿ ಕೌಂಟಿಗಳು 159. ಇದಕ್ಕಿಂತ ಹೆಚ್ಚು ಕೌಂಟಿಗಳಿರುವ ರಾಜ್ಯ 254 ಕೌಂಟಿಗಳ ಟೆಕ್ಸಾಸ್ ಒಂದೇ. ಹಾಗಾಗಿ ಜಾರ್ಜಿಯಾದ ಕೌಂಟಿ ಎಂದಾಗ ಜಿಲ್ಲೆಯನ್ನಲ್ಲ, ತಾಲ್ಲೂಕನ್ನು ನೆನೆಯಬೇಕು. ರೈತನೊಬ್ಬ ಹೇಸರಗತ್ತೆಯ ಗಾಡಿಯಲ್ಲಿ ಕೌಂಟಿ ಕಚೇರಿಗೆ ಹೋಗಿ ಕೆಲಸ ಮುಗಿಸಿ ಅದೇ ದಿನ ಮನೆ ಸೇರುವಂತಿರಬೇಕು ಎಂದು ಇಷ್ಟು ಸಣ್ಣದಾಗಿ ಹಂಚಿದರಂತೆ, ಇದು ಅಲ್ಲಿನವರು ಹೇಳುವ ಕಥೆ. ಸಣ್ಣ ಇಟ್ಟಿಗೆ ಸಿಕ್ಕರೆ ಗೋಡೆಯ ತಿರುವನ್ನು ನಯವಾಗಿ ಕಟ್ಟಬಹುದು. ಈ ಕಸುಬನ್ನು ನೋಡಲು ಜಾರ್ಜಿಯಾ ಒಳ್ಳೆಯ ಜಾಗವಾಗಿರುವುದು ಇದೇ ಕಾರಣಕ್ಕೆ.

ಮೇಸ್ತ್ರಿಗಳು ಅಮೆರಿಕದ ಅಧ್ಯಕ್ಷರ ಕಾರ್ಯಾಲಯಕ್ಕೆ ಸೇರಿದ ಆಡಳಿತ ಮತ್ತು ಬಜೆಟ್ ಕಚೇರಿಯವರು. ಸಾಮಗ್ರಿ ಒದಗಿಸುವುದು ಜನಗಣತಿ ಇಲಾಖೆ. ಮೊದಲ ಹೆಜ್ಜೆಯಲ್ಲಿ ಕೌಂಟಿ ಗಡಿಗಳನ್ನು ಪೂರ್ತಿ ಮರೆತು, ಮನೆಗಳು ಎಲ್ಲೆಲ್ಲಿ ಒತ್ತಾಗಿವೆ ಎಂದು ಮಾತ್ರ ನೋಡುತ್ತಾರೆ. ಹೀಗೆ ಸಿಕ್ಕ ದಟ್ಟ ವಸತಿಯ ಹರವಿಗೆ ನಗರ ಪ್ರದೇಶ ಎಂದು ಹೆಸರು. ಅದರಲ್ಲಿ 50,000 ಅಥವಾ ಅದಕ್ಕಿಂತ ಹೆಚ್ಚು ಜನರಿದ್ದರೆ ಮಹಾನಗರ ಪ್ರದೇಶಕ್ಕೆ ತಿರುಳು ದೊರೆತಂತೆ. 10,000ಕ್ಕೂ 50,000ಕ್ಕೂ ನಡುವೆ ಇದ್ದರೆ ಅದು ಮೈಕ್ರೊಪಾಲಿಟನ್, ಅಂದರೆ ಕಿರುನಗರ ಪ್ರದೇಶ. ಅಟ್ಲಾಂಟಾದ ತಿರುಳಿನಲ್ಲೇ 2020ರಲ್ಲಿ ಸುಮಾರು 51 ಲಕ್ಷ ಜನರಿದ್ದರು.

ಎರಡನೆಯ ಹೆಜ್ಜೆಯಲ್ಲಿ ಈ ತಿರುಳಿನ ಮೇಲೆ ಕೌಂಟಿಗಳ ನಕ್ಷೆಯನ್ನು ಹಾಸುತ್ತಾರೆ. ಒಂದು ಕೌಂಟಿಯ ಅರ್ಧದಷ್ಟಾದರೂ ಜನ ಹತ್ತು ಸಾವಿರಕ್ಕೆ ಕಡಿಮೆಯಿಲ್ಲದ ನಗರ ಪ್ರದೇಶಗಳಲ್ಲಿ ವಾಸವಾಗಿದ್ದರೆ, ಅಥವಾ ಅಂಥ ಒಂದೇ ನಗರ ಪ್ರದೇಶದ 5,000 ಜನರಾದರೂ ಆ ಕೌಂಟಿಯೊಳಗಿದ್ದರೆ, ಅದು ಕೇಂದ್ರ ಕೌಂಟಿ. ಇಲ್ಲಿಯವರೆಗಿನದು ಮನೆಗಳ ಲೆಕ್ಕ.

ಕಸುಬಿನ ಜಾಣ್ಮೆ ಇರುವುದು ಮೂರನೆಯ ಹೆಜ್ಜೆಯಲ್ಲಿ. ಹೊರಸುತ್ತಿನ ಕೌಂಟಿಗಳಲ್ಲಿ ಯಾವುವು ಒಳಗೆ, ಯಾವುವು ಹೊರಗೆ? ಅಂಗಡಿ, ಆಸ್ಪತ್ರೆ, ಕಾಲೇಜು, ಓದುವ ಪತ್ರಿಕೆ, ಹೀಗೆ ಎಷ್ಟೋ ಎಳೆಗಳು ಒಂದು ಊರನ್ನು ಇನ್ನೊಂದಕ್ಕೆ ಕಟ್ಟಿರುತ್ತವೆ. ಈ ಮೇಸ್ತ್ರಿಗಳು ಅವನ್ನೆಲ್ಲ ಪಕ್ಕಕ್ಕಿಟ್ಟು ಒಂದನ್ನೇ ಕೇಳುತ್ತಾರೆ: ಇಲ್ಲಿನವರ ಅನ್ನದ ಋಣ ಎಲ್ಲಿದೆ? ಕೌಂಟಿಯಲ್ಲಿ ವಾಸಿಸುವ ದುಡಿಮೆಗಾರರಲ್ಲಿ ನೂರಕ್ಕೆ 25 ಮಂದಿಯಾದರೂ ಕೇಂದ್ರ ಕೌಂಟಿಗಳಿಗೆ ಹೋಗಿ ದುಡಿಯುತ್ತಿದ್ದರೆ ಆ ಕೌಂಟಿ ಒಳಗೆ. ಅಥವಾ ಆ ಕೌಂಟಿಯಲ್ಲಿರುವ ಕೆಲಸಗಳಲ್ಲಿ ನೂರಕ್ಕೆ 25ನ್ನಾದರೂ ಕೇಂದ್ರ ಕೌಂಟಿಗಳಿಂದ ಬರುವವರು ಮಾಡುತ್ತಿದ್ದರೂ ಒಳಗೆ.

ಕಾಗದದ ಮೇಲೆ ಒಂದು ಲೆಕ್ಕ ಹಾಕಿ ನೋಡೋಣ. ಯಾವುದೋ ಒಂದು ಕೌಂಟಿಯಲ್ಲಿ ದುಡಿಯುವವರು 12,000 ಮಂದಿ ಎನ್ನಿ. ಅವರಲ್ಲಿ 3,000 ಮಂದಿ ಕೇಂದ್ರ ಕೌಂಟಿಗಳಿಗೆ ಹೋಗುತ್ತಿದ್ದರೆ ಸರಿಯಾಗಿ ಕಾಲು ಭಾಗ. ಕೌಂಟಿ ಮಹಾನಗರಕ್ಕೆ ಸೇರಿತು. 2,990 ಆದರೆ ಇಲ್ಲ. ಆ ಹತ್ತು ಜನ ಒಂದು ಮಿನಿ ಬಸ್ಸಿಗೂ ಸಾಲರು, ಆದರೆ ಇಡೀ ಕೌಂಟಿಯ ಹಣೆಬರಹ ಅವರ ಕೈಯಲ್ಲಿದೆ. ಇದು ಅನ್ಯಾಯ ಎನಿಸಬಹುದು. ಆದರೆ ಎಲ್ಲೋ ಒಂದು ಕಡೆ ಗೆರೆ ಬೀಳಲೇಬೇಕು. ಆ ಗೆರೆ ಎಲ್ಲರಿಗೂ ಕಾಣುವ ಅಂಕಿಯ ಮೇಲೆ ಬೀಳುವುದು, ಯಾರದೋ ಮರ್ಜಿಯ ಮೇಲೆ ಬೀಳುವುದಕ್ಕಿಂತ ಮೇಲು.

ಇಷ್ಟಕ್ಕೇ ಬಿಟ್ಟರೆ ನಗರ ಹಬ್ಬುತ್ತಲೇ ಹೋಗುವ ಅಪಾಯವಿದೆ. ಒಂದು ಕೌಂಟಿ ಅಟ್ಲಾಂಟಾಕ್ಕೆ, ಅದರ ಪಕ್ಕದ್ದು ಈ ಕೌಂಟಿಗೆ, ಅದರ ಪಕ್ಕದ್ದು ಅದಕ್ಕೆ ಎಂದು ಸರಪಳಿ ಬೆಳೆದರೆ ಅಟ್ಲಾಂಟಾ ಸಮುದ್ರ ಮುಟ್ಟಿಬಿಟ್ಟೀತು. ಆದ್ದರಿಂದ ನಂಟನ್ನು ಅಳೆಯುವುದು ಕೇಂದ್ರ ಕೌಂಟಿಗಳ ಜೊತೆ ಮಾತ್ರ. ನೆಂಟರಿಗೆ ಎಲೆ ಹಾಕುತ್ತಾರೆ, ನೆಂಟರ ನೆಂಟರಿಗೆ ಪಂಕ್ತಿಯಲ್ಲಿ ಜಾಗವಿಲ್ಲ. ಇನ್ನೊಂದು ನಿಯಮವೂ ಇದೆ: ಒಂದು ಕೌಂಟಿಗೆ ಒಂದೇ ಮನೆ. ಎರಡು ನಗರಗಳ ಜೊತೆಗೂ ಕಾಲು ಭಾಗದ ನಂಟು ಬೆಳೆದಿದ್ದರೆ, ಯಾವುದರ ಕಡೆ ಸೆಳೆತ ಹೆಚ್ಚೋ ಅದಕ್ಕೆ ಸೇರುತ್ತದೆ. ಅರ್ಧರ್ಧ ಹಂಚಿಕೊಳ್ಳುವಂತಿಲ್ಲ.

ಸ್ವಂತ ತಿರುಳಿರುವ ನೆರೆಯ ಊರುಗಳ ವಿಷಯದಲ್ಲಿ ಕಸುಬು ಇನ್ನೂ ಸೂಕ್ಷ್ಮವಾಗುತ್ತದೆ. ಅಟ್ಲಾಂಟಾದ ಈಶಾನ್ಯಕ್ಕೆ, ಕೋಳಿ ಉದ್ಯಮಕ್ಕೆ ಹೆಸರಾದ ಗೇನ್ಸ್‌ವಿಲ್ ಇದೆ. ಅದರ ಹಾಲ್ ಕೌಂಟಿ ಅಟ್ಲಾಂಟಾದ ಗುಂಪಿಗೆ ಅಂಟಿಕೊಂಡೇ ಇದ್ದರೂ ತಾನೊಂದೇ ಬೇರೆ ಮಹಾನಗರ ಪ್ರದೇಶ, ಒಂದೇ ಇಟ್ಟಿಗೆಯ ಮನೆ. ಇಂಥ ನೆರೆಹೊರೆಯವರನ್ನು ಬಲವಂತವಾಗಿ ಒಂದು ಮಾಡುವುದಿಲ್ಲ, ದೂರವೂ ಮಾಡುವುದಿಲ್ಲ. ಚಿಕ್ಕ ಪ್ರದೇಶದ ದುಡಿಮೆಗಾರರಲ್ಲಿ ದೊಡ್ಡದಕ್ಕೆ ಹೋಗುವವರು ನೂರಕ್ಕೆ ಎಷ್ಟು, ಚಿಕ್ಕದರ ಕೆಲಸಗಳಲ್ಲಿ ದೊಡ್ಡದರಿಂದ ಬಂದವರು ಮಾಡುವುದು ನೂರಕ್ಕೆ ಎಷ್ಟು, ಇವೆರಡನ್ನೂ ಕೂಡಿಸುತ್ತಾರೆ. ಒಂಬತ್ತು ಮತ್ತು ಏಳು ಬಂದರೆ ಮೊತ್ತ ಹದಿನಾರು. ಮೊತ್ತ 15 ಮುಟ್ಟಿದರೆ ಅವೆರಡೂ ತಮ್ಮ ತಮ್ಮ ಹೆಸರು ಉಳಿಸಿಕೊಂಡೇ ಸಂಯುಕ್ತ ಪ್ರದೇಶವೊಂದರಲ್ಲಿ ಜೊತೆಯಾಗುತ್ತವೆ. ಗೇನ್ಸ್‌ವಿಲ್ಲೂ, ವಿಶ್ವವಿದ್ಯಾಲಯದ ಊರಾದ ಆಥೆನ್ಸೂ ಅಟ್ಲಾಂಟಾದ ಜೊತೆ ಹೀಗಿವೆ. ಅಡುಗೆ ಮನೆ ಬೇರೆ, ಜಗಲಿ ಒಂದೇ.

ಈ ಗೆರೆಗಳು ರಾಜ್ಯದ ಗಡಿಯನ್ನೂ ಲೆಕ್ಕಿಸುವುದಿಲ್ಲ. ಜಾರ್ಜಿಯಾದ ಪಶ್ಚಿಮದ ಅಂಚಿನಲ್ಲಿ ಚಾಟಹೂಚಿ ನದಿಯ ದಡದಲ್ಲಿ ಕೊಲಂಬಸ್ ನಗರವಿದೆ. ಸೇತುವೆ ದಾಟಿದರೆ ಫೀನಿಕ್ಸ್ ಸಿಟಿ. ಅದು ಅಲಬಾಮಾ ರಾಜ್ಯ. ಇಲ್ಲಿ ನದಿ ರಾಜ್ಯಗಳನ್ನಷ್ಟೇ ಅಲ್ಲದೆ ಗಡಿಯಾರಗಳನ್ನೂ ಬೇರೆ ಮಾಡುತ್ತದೆ. ಕಾನೂನಿನ ಪ್ರಕಾರ ಅಲಬಾಮಾ ಒಂದು ಗಂಟೆ ಹಿಂದಿರಬೇಕು. ಆದರೆ ಫೀನಿಕ್ಸ್ ಸಿಟಿಯ ಜನ ರೂಢಿಯಲ್ಲಿ ಕೊಲಂಬಸ್ಸಿನ ಸಮಯವನ್ನೇ ಪಾಲಿಸುತ್ತಾರೆ. ದುಡಿಮೆಗೆ ನದಿಯಾಚೆ ಹೋಗುವವರು ಮನೆಯಲ್ಲೊಂದು, ಕೆಲಸದಲ್ಲೊಂದು ಗಂಟೆ ಇಟ್ಟುಕೊಂಡು ಬಾಳುವುದಾದರೂ ಹೇಗೆ? ಅಂಕಿಅಂಶದವರು ಈ ಎರಡು ದಡಗಳನ್ನು ಒಂದೇ ಮಹಾನಗರ ಪ್ರದೇಶವಾಗಿ ಬರೆದಿದ್ದಾರೆ. ಗೋಡೆ ಗಡಿಯಾರಗಳು ಒಪ್ಪಿಕೊಂಡದ್ದನ್ನೇ ನಕ್ಷೆಯೂ ಒಪ್ಪಿದೆ.

ಈ ಪದ್ಧತಿ ನಿನ್ನೆ ಮೊನ್ನೆಯದಲ್ಲ. 1910ರ ಜನಗಣತಿಯಲ್ಲೇ ದೊಡ್ಡ ನಗರಗಳ ಸುತ್ತ 'ಮೆಟ್ರೊಪಾಲಿಟನ್ ಡಿಸ್ಟ್ರಿಕ್ಟ್' ಗುರುತಿಸಿದ್ದರು. ಅಲ್ಲಿಂದ ಮುಂದೆ ಒಂದೊಂದು ಇಲಾಖೆ ತನ್ನದೇ ಗಡಿ ಹಾಕಿಕೊಂಡು, ಒಬ್ಬರ ಅಂಕಿ ಇನ್ನೊಬ್ಬರಿಗೆ ತಾಳೆಯಾಗದಂತಾಯಿತು. 1949ರಲ್ಲಿ, ಮರುವರ್ಷದ ಜನಗಣತಿಗೆಂದು, ಎಲ್ಲರಿಗೂ ಒಂದೇ ವ್ಯಾಖ್ಯೆ ಬಂತು. ಆಗ ಅಟ್ಲಾಂಟಾದ ಪಾಲಿಗೆ ಬಂದ ಕೌಂಟಿಗಳು ಮೂರು: ಫುಲ್ಟನ್, ಡಿಕ್ಯಾಬ್, ಕಾಬ್. 1960ರ ಹೊತ್ತಿಗೆ ಕ್ಲೇಟನ್ ಮತ್ತು ಗ್ವಿನೆಟ್ ಸೇರಿ ಐದಾದವು. 1973ರಲ್ಲಿ ಹದಿನೈದು, 2003ರಲ್ಲಿ ಇಪ್ಪತ್ತೆಂಟು, ಈಗ ಇಪ್ಪತ್ತೊಂಬತ್ತು. ಮರದ ಕಾಂಡ ಕೊಯ್ದಾಗ ಕಾಣುವ ಉಂಗುರಗಳಂತೆ ಹೆದ್ದಾರಿಗಳು, ವಿಮಾನ ನಿಲ್ದಾಣ, ಹೊರವಲಯದ ಕಚೇರಿಗಳು ಈ ಅಂಕಿಗಳಲ್ಲಿ ದಾಖಲಾಗಿವೆ. 2023ರ ಜುಲೈನಲ್ಲಿ ಹೊಸ ಪಟ್ಟಿ ಬಂದಾಗ ಲಂಪ್‌ಕಿನ್ ಕೌಂಟಿಯ ಹೆಸರೂ ಅಟ್ಲಾಂಟಾದ ಗುಂಪಿನಲ್ಲಿತ್ತು. ಅದರ ಮುಖ್ಯ ಊರು ಡಲಾನೆಗಾ ಹತ್ತೊಂಬತ್ತನೆಯ ಶತಮಾನದಲ್ಲಿ ಚಿನ್ನ ಸಿಕ್ಕಿದ್ದಕ್ಕೆ, ಅಲ್ಲಿದ್ದ ಸರ್ಕಾರಿ ಟಂಕಸಾಲೆಗೆ ಹೆಸರಾದದ್ದು. ಒಂದು ಕಾಲಕ್ಕೆ ಜನ ಚಿನ್ನಕ್ಕಾಗಿ ಗುಳೆ ಬಂದ ಕೌಂಟಿಯನ್ನು ಈಗ ದಕ್ಷಿಣದ ಕಡೆಗೆ ಹೋಗುವ ಕಾರುಗಳು ಮಹಾನಗರಕ್ಕೆ ಗಂಟುಹಾಕಿವೆ.

ಹೆಸರಿಡುವುದಕ್ಕೂ ಶಾಸ್ತ್ರವಿದೆ. ಜನಸಂಖ್ಯೆ, ಉದ್ಯೋಗಗಳ ಅಳತೆಯಲ್ಲಿ ಗೆದ್ದ ಮುಖ್ಯ ನಗರಗಳಲ್ಲಿ ಹೆಚ್ಚೆಂದರೆ ಮೂರು ಹೆಸರುಗಳನ್ನು, ಜನಸಂಖ್ಯೆಯ ಕ್ರಮದಲ್ಲಿ, ಅಡ್ಡಗೆರೆಯಿಟ್ಟು ಪೋಣಿಸುತ್ತಾರೆ. ಅಟ್ಲಾಂಟಾ ಮತ್ತು ಸ್ಯಾಂಡಿ ಸ್ಪ್ರಿಂಗ್ಸ್ ಕದಲಿಲ್ಲ. ಮೂರನೆಯ ಕುರ್ಚಿಯಲ್ಲಿ ಒಮ್ಮೆ ಮ್ಯಾರಿಯೆಟಾ, ಆಮೇಲೆ ರಾಸ್ವೆಲ್, ಆಮೇಲೆ ಆಲ್ಫರೆಟ್ಟಾ, 2023ರಲ್ಲಿ ಮತ್ತೆ ರಾಸ್ವೆಲ್.

ಈ ಕಸುಬಿಗೆ ಕುಂದುಗಳೂ ಇವೆ, ಎಲ್ಲವೂ ಇಟ್ಟಿಗೆಯ ಗಾತ್ರದಿಂದ ಬಂದವು. ಅಧ್ಯಕ್ಷ ಫ್ರಾಂಕ್ಲಿನ್ ರೂಸ್ವೆಲ್ಟ್ ಬಿಸಿನೀರಿನ ಚಿಕಿತ್ಸೆಗೆ ಬರುತ್ತಿದ್ದ ವಾರ್ಮ್ ಸ್ಪ್ರಿಂಗ್ಸ್ ಇಂದಿಗೂ ಸಣ್ಣ ಊರೇ. ಆದರೆ ಅದು ಮೆರಿವೆದರ್ ಕೌಂಟಿಯಲ್ಲಿರುವುದರಿಂದ ಲೆಕ್ಕದಲ್ಲಿ ಅಟ್ಲಾಂಟಾ ಮಹಾನಗರ. ಪಶ್ಚಿಮದ ರಾಜ್ಯಗಳಲ್ಲಿ ಇಟ್ಟಿಗೆ ಬಂಡೆಯಷ್ಟಾಗುತ್ತದೆ. ಅರಿಜೋನಾದ ಫ್ಲ್ಯಾಗ್‌ಸ್ಟಾಫ್ ಮಹಾನಗರ ಪ್ರದೇಶವೆಂದರೆ ಇಡೀ ಕೊಕೊನಿನೊ ಕೌಂಟಿ, ಗ್ರ್ಯಾಂಡ್ ಕ್ಯಾನ್ಯನ್ ಕಣಿವೆಯ ಬಹುಭಾಗವೂ ಅದರೊಳಗೇ ಬರುತ್ತದೆ. ಗೆರೆ ಎಳೆಯುವವರಿಗೆ ಇದು ಗೊತ್ತಿಲ್ಲವೆಂದಲ್ಲ. ಈ ಪಟ್ಟಿ ನಗರ ಯಾವುದು, ಹಳ್ಳಿ ಯಾವುದು ಎಂದು ಹೇಳುವುದಿಲ್ಲ, ಅಂಕಿಅಂಶಕ್ಕಷ್ಟೇ ಬಳಸಿ ಎಂದು ಅವರೇ ಪ್ರತಿ ಸಲ ಎಚ್ಚರಿಸುತ್ತಾರೆ. ಲೋಕ ಕೇಳಬೇಕಲ್ಲ! ಸರ್ಕಾರಿ ಬಾಡಿಗೆ ಸಹಾಯದ ಮಿತಿ, ವೃದ್ಧರ ಆರೋಗ್ಯ ಯೋಜನೆಯಡಿ ಆಸ್ಪತ್ರೆಗಳಿಗೆ ಸಲ್ಲುವ ಹಣ, ಎರಡರ ಲೆಕ್ಕವೂ ಈ ಗೆರೆಗಳನ್ನು ಆಧರಿಸಿದೆ. ಹಾಗಾಗಿಯೇ 2021ರ ಜನವರಿಯಲ್ಲಿ, ತಿರುಳಿನ ಕನಿಷ್ಠ ಮಿತಿಯನ್ನು 50,000ದಿಂದ ಒಂದು ಲಕ್ಷಕ್ಕೆ ಏರಿಸುವ ಪ್ರಸ್ತಾಪ ಬಂದಾಗ ದೊಡ್ಡ ಗದ್ದಲವಾಯಿತು. 144 ಪ್ರದೇಶಗಳು ಮಹಾನಗರದ ಪಟ್ಟ ಕಳೆದುಕೊಳ್ಳುತ್ತಿದ್ದವು. ಆಕ್ಷೇಪಣೆಗಳು ಹರಿದುಬಂದು, ಅದೇ ಜುಲೈನಲ್ಲಿ ಹಳೆಯ ಮಿತಿಯೇ ಉಳಿಯಿತು.

ನಮ್ಮ ಜನಗಣತಿಯಲ್ಲೂ ನಗರ ಸಮೂಹ ಎಂಬ ಕಲ್ಪನೆ ಇದೆ, ಆದರೆ ಅದು ನೋಡುವುದು ಊರಿಗೆ ಊರು ಅಂಟಿಕೊಂಡು ಬೆಳೆದಿದೆಯೇ ಎಂಬುದನ್ನು. 2011ರಲ್ಲಿ, ಬೇಸಾಯ ಬಿಟ್ಟು ಬೇರೆ ಕೆಲಸ ಮಾಡುವವರು ಎಷ್ಟು ದೂರ, ಯಾವ ವಾಹನದಲ್ಲಿ ಹೋಗುತ್ತಾರೆ ಎಂದು ಕೇಳಿದರು. ಯಾವ ಊರಿಗೆ ಎಂದು ಕೇಳಲಿಲ್ಲ. ಪಾಸ್ ಹಿಡಿದು ಮಂಡ್ಯದಿಂದ, ತುಮಕೂರಿನಿಂದ ಬೆಳಗಿನ ರೈಲು ಹತ್ತಿ ಬೆಂಗಳೂರಿಗೆ ಬರುವವರ ಅನ್ನದ ಋಣ ನಮ್ಮ ನಕ್ಷೆಯಲ್ಲಿ ಗೆರೆಯಾಗಿ ಮೂಡುವುದಿಲ್ಲ.

ಅಮೆರಿಕದಲ್ಲಿ ಆ ಪ್ರಶ್ನೆಯನ್ನು ಪ್ರತಿ ವರ್ಷ ಸುಮಾರು 35 ಲಕ್ಷ ವಿಳಾಸಗಳಿಗೆ ಕಳಿಸುತ್ತಾರೆ. ಕಳೆದ ವಾರ ನೀವು ಕೆಲಸ ಮಾಡಿದ ಜಾಗ ಯಾವುದು ಎಂದಷ್ಟೇ ಅದು ಕೇಳುತ್ತದೆ. ಐದು ವರ್ಷಗಳ ಉತ್ತರಗಳನ್ನು ಒಟ್ಟುಗೂಡಿಸಿ ಗೆರೆ ಎಳೆಯುತ್ತಾರೆ. 2023ರ ಗೆರೆಗಳಿಗೆ ಬಳಸಿದ್ದು 2016ರಿಂದ 2020ರವರೆಗಿನ ಉತ್ತರಗಳು, ಹೆಚ್ಚಿನವು ಕೊರೊನಾಕ್ಕೆ ಮೊದಲಿನವು. ಈಚೆಗೆ ಎಷ್ಟೋ ಮಂದಿ ಮನೆಯಿಂದಲೇ ಕೆಲಸ ಮಾಡುತ್ತಿದ್ದಾರೆ. ಅಂಥವರು ಆ ಕಾಗದದಲ್ಲಿ ದುಡಿಯುವ ಜಾಗ ಮನೆಯೇ ಎಂದು ಬರೆದರೆ, ಲೆಕ್ಕದಲ್ಲಿ ಅವರ ಋಣ ಅವರದೇ ಕೌಂಟಿಗೆ ಮರಳುತ್ತದೆ. ಜಾರ್ಜಿಯಾ 400ರ ಮೇಲೆ ಒಂದು ಕಾರು ಕಡಿಮೆಯಾಗುತ್ತದೆ. ಅಂಗಳದಲ್ಲೇ ನಿಂತ ಆ ಕಾರು ಕೂಡ, ಅಟ್ಲಾಂಟಾದ ಗೆರೆಯನ್ನು ಕೂದಲೆಳೆಯಷ್ಟು ಒಳಕ್ಕೆ ಜಗ್ಗುತ್ತಿರುತ್ತದೆ.