ನಾಯಕರ ಸಂಚಾರವೂ ಅದರ ಫಲವೂ

ಹುಬ್ಬಳ್ಳಿ-ಧಾರವಾಡಗಳ ನಡುವಣ ಹೆದ್ದಾರಿಯಲ್ಲಿರುವ ಸತ್ತೂರ ನಿವಾಸಿಗಳಾದ ನಮಗೆ ನಾಯಕರ ಸಂಚಾರವು ಹೊಸ ನೋಟವೇನಲ್ಲ. ಬರುವ ಮುನ್ನ ರಸ್ತೆಯ ತಗ್ಗುಗಳು ತುಂಬುವವು, ಕಮಾನುಗಳು ಏಳುವವು. ಬಂದಾಗ ಪೂರ್ಣಕುಂಭ, ಆರತಿ, ಹಾರ, ಭಾಷಣ, ಅರ್ಜಿಗಳ ಸ್ವೀಕಾರ. ಹೋದ ಮೇಲೆ ಧೂಳು. ಆವಾಹನೆಯಿಂದ ಉದ್ವಾಸನೆಯವರೆಗೆ ಷೋಡಶೋಪಚಾರದ ಕ್ರಮವೇ ಇಲ್ಲಿಯೂ ಉಂಟೆಂದರೆ ತಪ್ಪಾಗಲಾರದು. ಪೂಜೆಯೇನೋ ನಡೆಯಿತು, ಫಲವೇನು? ಎಂಬುದೇ ಗೃಹಸ್ಥರು ಕೇಳತಕ್ಕ ಪ್ರಶ್ನೆ.

ಈ ಪದ್ಧತಿಯು ಬಹು ಪ್ರಾಚೀನವಾದುದು. ದಿಗ್ವಿಜಯಕ್ಕೆ ಹೊರಟ ಅರಸರು ತಮ್ಮ ಪ್ರತಾಪವನ್ನು ಮೆರೆಯುತ್ತಿದ್ದರು. ಕ್ರಿ. ಪೂ. 3ನೆಯ ಶತಮಾನದ ಅಶೋಕನಾದರೋ, ಹಿಂದಿನ ಅರಸರು ಬೇಟೆ-ವಿನೋದಗಳಿಗಾಗಿ ವಿಹಾರಯಾತ್ರೆ ಮಾಡುತ್ತಿದ್ದರೆಂದೂ, ತಾನು ಧರ್ಮಯಾತ್ರೆಯನ್ನು ಕೈಕೊಂಡು ನಾಡಿನ ಜನರನ್ನು ಕಾಣುವೆನೆಂದೂ ತನ್ನ ಎಂಟನೆಯ ಶಿಲಾಶಾಸನದಲ್ಲಿ ಹೇಳಿಕೊಂಡಿದ್ದಾನೆ. ಅದನ್ನು ಬಂಡೆಯ ಮೇಲೆ ಕೊರೆಯಿಸಿದುದೂ ಕೀರ್ತಿಪ್ರಸಾರವೇ ಸರಿ. ಆದುದರಿಂದ ಪ್ರಚಾರವೆಂದೊಡನೆ ಹೀಗಳೆಯಲಾಗದು.

1933ರ ನವೆಂಬರದಲ್ಲಿ ವರ್ಧಾದಿಂದ ಹೊರಟ ಮಹಾತ್ಮಾ ಗಾಂಧಿಯವರ ಹರಿಜನಯಾತ್ರೆಯು 1934ರಲ್ಲಿ ಕರ್ನಾಟಕಕ್ಕೂ ಬಂದಿತು. ಸುಮಾರು 12,500 ಮೈಲುಗಳ ಆ ಸಂಚಾರದಲ್ಲಿ ತಮಗೆ ಬಂದ ಕಾಣಿಕೆಗಳನ್ನು ಅವರು ಹರಾಜು ಹಾಕಿಸಿದರು; ನಿಧಿಗೆ ಸುಮಾರು 8 ಲಕ್ಷ ರೂಪಾಯಿ ಕೂಡಿತು. ನಾಯಕನಿಗೆ ಸಂದ ಸತ್ಕಾರವೇ ದೀನರ ಲೆಕ್ಕಕ್ಕೆ ಜಮೆಯಾಯಿತು.

ನಮ್ಮ ಕಾಲದಲ್ಲಿ ಶ್ರೀ ಎಚ್. ಡಿ. ಕುಮಾರಸ್ವಾಮಿಯವರು 2006ರಲ್ಲಿ ಮುಖ್ಯಮಂತ್ರಿಗಳಾದಾಗ ಗ್ರಾಮವಾಸ್ತವ್ಯವೆಂಬ ಪದ್ಧತಿಯನ್ನು ನಡೆಸಿ ಹೆಸರುಗೊಂಡರು. ಮರಳಿ ಅಧಿಕಾರಕ್ಕೆ ಬಂದಾಗ, 2019ರ ಜೂನ್ 21ರಂದು ಯಾದಗಿರಿ ಜಿಲ್ಲೆಯ ಚಂಡರಕಿಯಲ್ಲಿ ಜನರ ಅಹವಾಲುಗಳನ್ನು ಕೇಳಿ, ಅಲ್ಲಿಯ ಶಾಲೆಯಲ್ಲಿ ತಂಗಿದರು. ಹಳ್ಳಿಯ ಕಷ್ಟವನ್ನು ಕಣ್ಣಾರೆ ಕಾಣುವ ಯತ್ನವೆಂದು ಕೆಲವರು ಹೊಗಳಿದರು. ಬರಿಯ ಪ್ರದರ್ಶನವೆಂದು ಕೆಲವರು ಜರೆದರು. ಮರುತಿಂಗಳು 23ರಂದು ಆ ಸರಕಾರವೇ ವಿಶ್ವಾಸಮತದಲ್ಲಿ ಸೋತಿತು. ನಾಯಕರು ಬದಲಾಗುವರು, ಆದರೆ ಮುದುಕಿಯೊಬ್ಬಳು ಪಿಂಚಣಿಗಾಗಿ ಕೊಟ್ಟ ಅರ್ಜಿಯು ಕಚೇರಿಯಲ್ಲಿಯೇ ಉಳಿಯುವುದು. ಅದಕ್ಕೆ ಉತ್ತರ ಹೇಳುವವರಾರು?

ಆದಕಾರಣ ವಾಚಕರಲ್ಲಿ ನಮ್ಮ ಸೂಚನೆಯಿಷ್ಟೆ: ಅರ್ಜಿ ಕೊಟ್ಟಾಗ ಸ್ವೀಕೃತಿ ಪಡೆದು, ಸಂಖ್ಯೆಯನ್ನೂ ತಾರೀಖನ್ನೂ ಮನೆಯ ವಹಿಯಲ್ಲಿ ಬರೆದಿಡಬೇಕು. ಉತ್ತರ ಬಾರದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯಂತೆ 10 ರೂಪಾಯಿ ಶುಲ್ಕ ಕೊಟ್ಟು, ಅರ್ಜಿಯ ಗತಿಯೇನಾಯಿತೆಂದು ಕೇಳಬಹುದು. ಸಾಮಾನ್ಯವಾಗಿ 30 ದಿನಗಳೊಳಗೆ ಕಚೇರಿಯು ತಿಳಿಸಲೇಬೇಕು. ಮನೆಗೆ ಬಂದವರಿಗೆ ಆರತಿಯೆತ್ತುವುದು ನಮ್ಮ ಸಂಪ್ರದಾಯ. ಆರತಿಯೆತ್ತಿದ ಕೈಯೇ ಈ ಕಾಗದವನ್ನೂ ಬರೆಯಲಿ.