ಎಲ್ಲೆಯ ಆಚೆಗೆ ಉಳಿಯುವ ಕೆಲಸ

ವಿಜ್ಞಾನವು ತನ್ನ ಎಲ್ಲೆಯನ್ನು ಮುಟ್ಟಿದ ಬಳಿಕ ಮಾನವಕುಲಕ್ಕೆ ಉಳಿಯುವ ಕೆಲಸವೇನೆಂದು ತರುಣರು ನಮ್ಮನ್ನು ಕೇಳುವುದುಂಟು. ಎಲ್ಲೆ ಬಂದಿತೆಂಬ ಮಾತನ್ನು ನಾವು ಸುಲಭವಾಗಿ ನಂಬಲಾರೆವು. ಭೌತಶಾಸ್ತ್ರದ ಮೂಲತತ್ತ್ವಗಳು ಬಹುಪಾಲು ಸ್ಥಾಪಿತವಾದಂತಿವೆ ಎಂದು ಮೈಕೆಲ್‌ಸನ್ 1894ರಲ್ಲಿ ನುಡಿದ ಮರುವರ್ಷವೇ ರಾಂಟ್‌ಜನ್ ಕ್ಷ-ಕಿರಣವನ್ನು ಕಂಡರು.

ಆದರೂ ಎಲ್ಲೆ ಬಂದಿತೆಂದೇ ಭಾವಿಸೋಣ. ಸಿಡುಬಿನ ಚರಿತ್ರೆಯನ್ನು ನೋಡಿರಿ. ಜೆನ್ನರ್ ಲಸಿಕೆಯನ್ನು ಪರೀಕ್ಷಿಸಿದ್ದು 1796ರಲ್ಲಿ. ಲೋಕವು ಸಿಡುಬಿನಿಂದ ಮುಕ್ತವೆಂದು ಘೋಷಿತವಾದದ್ದು 1980ರಲ್ಲಿ. ನಡುವೆ 184 ವರ್ಷ! ಬೇಗ ಕೆಡದ ಒಣಲಸಿಕೆ, ಕವಲುಮೊನೆಯ ಸೂಜಿ ಬಂದವು, ನಿಜ. ಆದರೆ ಕೊನೆಗೆ ರೋಗವನ್ನು ಅಳಿಸಿದ್ದು ಮನೆಮನೆಗೆ ನಡೆದು, ರೋಗಿಯನ್ನು ಹುಡುಕಿ, ಸುತ್ತಲಿನವರಿಗೆಲ್ಲ ಲಸಿಕೆ ಹಾಕಿದ ಕಾರ್ಯಕರ್ತರ ಕಾಲ್ನಡಿಗೆ. ಅರಿವು ಪೂರ್ಣವಾದ ದಿನವೂ ಆ ನಡಿಗೆ ಬಾಕಿ ಇದ್ದೇ ಇರುತ್ತದೆ. ಕ್ಷಯಕ್ಕೆ ಇಂದು ಔಷಧವಿದೆ. ಆದರೂ ಆ ರೋಗದಿಂದ ಜನರು ಸಾಯುತ್ತಲೇ ಇದ್ದಾರೆ.